ನದಿ ಕಳಿಸದ ಬಿಲ್

ಈಚೆಗೆ ಅನುವಾದಕ್ಕೆ ಬಂದ ಒಂದು ಪರಿಸರ ವರದಿಯಲ್ಲಿ ಎರಡು ದಿನ ನನ್ನನ್ನು ಕಾಡಿದ್ದು ಒಂದು ಸರಳ ಪದ. ನದಿ ತನ್ನ ನೀರನ್ನು ತಾನೇ ಶುದ್ಧ ಮಾಡಿಕೊಳ್ಳುವುದರ 'ವ್ಯಾಲ್ಯೂ' ಎಷ್ಟು ಎಂಬುದು ಅಲ್ಲಿನ ಪ್ರಶ್ನೆ. 'ಮೌಲ್ಯ' ಎಂದರೆ ನೀತಿಪಾಠದಂತೆ ಕೇಳುತ್ತದೆ, 'ಬೆಲೆ' ಎಂದರೆ ಸಂತೆಯ ವಾಸನೆ. ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆಯೇ ಎಂದು ಕೇಳುವ ಭಾಷೆ ನಮ್ಮದು. ದುಂದುಗಾರ ದುಡ್ಡನ್ನು 'ನೀರಿನ ಹಾಗೆ' ಖರ್ಚು ಮಾಡುತ್ತಾನೆ. ನೀರು ಪುಕ್ಕಟೆ ಎಂಬ ನಂಬಿಕೆ ನಮ್ಮ ಮಾತಿನಲ್ಲೇ ಬೇರೂರಿದೆ.

ಪುಕ್ಕಟೆಯಾಗಿ ನದಿ ಮಾಡುವ ಕೆಲಸವಾದರೂ ಏನು? ಕೊಳಚೆ ಬಿದ್ದಾಗ ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ತಿನ್ನಲು ಅವಕ್ಕೆ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು. ಹರಿವು ಗಾಳಿಯಿಂದ ಅದನ್ನು ಮತ್ತೆ ತುಂಬಿಕೊಳ್ಳುತ್ತದೆ. ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ, ಮರಳು ಸೋಸುತ್ತದೆ, ದಡದ ಜೊಂಡು ಸಾರಜನಕ ಹೀರುತ್ತದೆ. ಈ ಲೆಕ್ಕವನ್ನು ಅಮೆರಿಕದ ಒಹಾಯೊ ನದಿಯ ಮೇಲೆ ದುಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲೇ ಸಮೀಕರಣವಾಗಿ ಬರೆದರು. ಕೊಳೆ ಆಮ್ಲಜನಕ ತಿನ್ನುವ ವೇಗ ಒಂದು ಕಡೆ, ನದಿ ಅದನ್ನು ತುಂಬಿಕೊಳ್ಳುವ ವೇಗ ಇನ್ನೊಂದು ಕಡೆ. ಮೊದಲನೆಯದೇ ಗೆಲ್ಲುತ್ತ ಹೋದರೆ ನದಿ ಸಾಯುತ್ತದೆ.

ಇದಕ್ಕೆ ಹಣದ ಲೆಕ್ಕ ಕಟ್ಟುವ ಸುಲಭ ದಾರಿ, ಇದೇ ಕೆಲಸವನ್ನು ಯಂತ್ರದಿಂದ ಮಾಡಿಸಿದರೆ ಎಷ್ಟಾಗುತ್ತದೆ ಎಂದು ಕೇಳುವುದು. ನ್ಯೂಯಾರ್ಕ್ ನಗರ ಹೀಗೆ ಕೇಳಿಕೊಂಡಿತು. ಸೋಸುವ ಸ್ಥಾವರ ಕಟ್ಟಲು 600ರಿಂದ 800 ಕೋಟಿ ಡಾಲರ್ ಬೇಕಿತ್ತು. ಕ್ಯಾಟ್ಸ್‌ಕಿಲ್ ಬೆಟ್ಟಗಳ ಜಲಾನಯನವನ್ನೇ ಕಾಪಾಡುವ ಖರ್ಚಿನ ಅಂದಾಜು ಸುಮಾರು 100ರಿಂದ 150 ಕೋಟಿ. 1997ರಲ್ಲಿ ನಗರ ಬೆಟ್ಟದ ಕಡೆಯವರೊಂದಿಗೆ ಒಪ್ಪಂದ ಮಾಡಿಕೊಂಡಿತು.

ನಾನಿರುವ ಗುರುಗ್ರಾಮದಲ್ಲಿ ಈ ಲೆಕ್ಕ ಎರಡು ಪದಗಳಲ್ಲಿ ಸಿಕ್ಕಿಕೊಂಡಿದೆ. ಕನ್ನಡದಲ್ಲಿ ನಾಲೆ ಎಂದರೆ ಮಂಡ್ಯದ ಗದ್ದೆಗೆ ನೀರುಣಿಸುವ ವಿಶ್ವೇಶ್ವರಯ್ಯ ನಾಲೆ. ಇಲ್ಲಿ ಅದಕ್ಕೆ 'ನೆಹರ್' ಎನ್ನುತ್ತಾರೆ, 'ನಾಲಾ' ಎಂದರೆ ಚರಂಡಿ. ನಗರಕ್ಕೆ ಕುಡಿಯುವ ನೀರು ಬರುವುದು ನೆಹರಿನಲ್ಲಿ. ಹಥ್ನಿಕುಂಡ್ ಬ್ಯಾರೇಜಿನ ಬಳಿ ಯಮುನೆಯಿಂದ ತಿರುಗಿಸಿದ ಆ ನೀರು ಬಸಾಯಿ ಮತ್ತು ಚಂದು ಬುಢೇರಾದ ಶುದ್ಧೀಕರಣ ಘಟಕಗಳಿಗೆ ಬಂದು, ಅಲ್ಲಿಂದ ನಮ್ಮ ನಲ್ಲಿಗೆ ಬರುತ್ತದೆ. ನಮ್ಮ ಕೊಳಚೆ ಹೋಗುವುದು ನಜಫ್‌ಗಢ ನಾಲಾಕ್ಕೆ, ಅದರ ಮೂಲಕ ವಜೀರಾಬಾದಿನ ಕೆಳಗೆ ಮತ್ತೆ ಯಮುನೆಗೆ. ಈ ನಾಲಾ ಒಂದು ಕಾಲಕ್ಕೆ ರಾಜಸ್ಥಾನದ ಅರಾವಳಿಯಿಂದ ಬರುತ್ತಿದ್ದ ಸಾಹಿಬಿ ನದಿಯ ಹಾದಿ. ಹೆಸರಿನಲ್ಲೇ ಬಡ್ತಿ ಹಿಂಬಡ್ತಿಗಳಿರುತ್ತವಲ್ಲ, ಇದು ಹಿಂಬಡ್ತಿ.

ಅಂದರೆ ನಾವು ಮೊದಲು ನದಿಯಿಂದ ದುಡಿಯುವ ಆಳನ್ನೇ ಕರೆದುಕೊಂಡು ಬರುತ್ತೇವೆ. ಆಮೇಲೆ ಅದೇ ಮನೆಗೆ ಕೆಲಸ ಕಳಿಸುತ್ತೇವೆ. ಶುದ್ಧ ಮಾಡಬೇಕಾದ್ದು ಹರಿವು, ಹರಿವು ಇರುವುದು ನೆಹರಿನಲ್ಲಿ. 1,376 ಕಿಲೋಮೀಟರ್ ಉದ್ದದ ಯಮುನೆಯಲ್ಲಿ ವಜೀರಾಬಾದಿನಿಂದ ಓಖ್ಲಾವರೆಗಿನ 22 ಕಿಲೋಮೀಟರ್ ಶೇಕಡ ಎರಡಕ್ಕಿಂತ ಕಡಿಮೆ. ಇಡೀ ನದಿಯ ಕೊಳಚೆಯ ಹೊರೆಯಲ್ಲಿ ಶೇಕಡ 70ಕ್ಕೂ ಹೆಚ್ಚು ಬೀಳುವುದು ಅಲ್ಲೇ. ಅಲ್ಲಿ ಎಷ್ಟೋ ಸಲ ಕರಗಿದ ಆಮ್ಲಜನಕ ಸೊನ್ನೆ. ಒಣ ತಿಂಗಳುಗಳಲ್ಲಿ ಹಥ್ನಿಕುಂಡ್‌ನಿಂದ ನದಿಗೆ ಬಿಡುವುದು ಸೆಕೆಂಡಿಗೆ ಸುಮಾರು 10 ಘನ ಮೀಟರ್. ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ ಬೇಕೆಂದದ್ದು 23.

ವರದಿಗಳ ಸೂತ್ರ ನನಗೆ ಕಸಿವಿಸಿ ಮಾಡುವುದು ಇಲ್ಲಿ. ನದಿ ಇಂದು ಎಷ್ಟು ಶುದ್ಧ ಮಾಡುತ್ತದೋ ಅಷ್ಟಕ್ಕೇ ರೂಪಾಯಿ ಕಟ್ಟಿದರೆ, ಸತ್ತ ನದಿಯ ಬೆಲೆ ಸೊನ್ನೆ. ಸೊನ್ನೆ ಬೆಲೆಯದನ್ನು ಯಾರು ಉಳಿಸುತ್ತಾರೆ? ಕೊಂದವನಿಗೆ ಆ ಲೆಕ್ಕ ಅನುಕೂಲವಾಗಿಬಿಡುತ್ತದೆ. ಇನ್ನೊಂದು ವಿಧಾನ, ಶುದ್ಧ ನದಿಗೆ ನೀವೆಷ್ಟು ಕೊಡುತ್ತೀರಿ ಎಂದು ಮನೆಮನೆ ಕೇಳುವುದು. ಇಪ್ಪತ್ತನೇ ಮಹಡಿಯವರು ಸಾವಿರ ಎನ್ನಬಹುದು, ನಾಲಾದ ದಂಡೆಯ ಜೋಪಡಿಯವರು ಹತ್ತು ಎನ್ನಬಹುದು. ನದಿ ಹೆಚ್ಚು ಬೇಕಾಗಿರುವುದು ಹತ್ತು ಎಂದವರಿಗೆ. ಅವರ ಬಳಿ ಬೇರೆ ಯಂತ್ರವಿಲ್ಲ.

ನನ್ನ ಬಳಿ ಇದೆ. ಅಡುಗೆಮನೆಯ ಗೋಡೆಗೆ ಆರ್‌ಒ ಫಿಲ್ಟರು ತೂಗಿದೆ. ವರ್ಷಕ್ಕೊಮ್ಮೆ ಅದರ ಪೊರೆ, ಕ್ಯಾಂಡಲು ಬದಲಿಸಲು ಹಣ ಕೊಡುತ್ತೇನೆ. ಅದು ಸೋಸುವಾಗ ಬೇಡವೆಂದು ಹೊರಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸುತ್ತೇನೆ. ಬೇಸಿಗೆಯಲ್ಲಿ ಸೊಸೈಟಿಯ ನಿರ್ವಹಣಾ ಬಿಲ್ಲಿನಲ್ಲಿ ಟ್ಯಾಂಕರಿನದೊಂದು ಸಾಲು ಸೇರುತ್ತದೆ. ನದಿ ಎಂದೂ ಬಿಲ್ ಕಳಿಸಲಿಲ್ಲ, ಅದು ಬಿಟ್ಟ ಕೆಲಸಕ್ಕೆ ಬಿಲ್ಲುಗಳು ಹೀಗೆ ಚೂರುಚೂರಾಗಿ ಬರುತ್ತಿವೆ. ಒಟ್ಟು ಕೂಡಿಸಿ ನೋಡುವವರಿಲ್ಲ.

ಆದ್ದರಿಂದ ಅಳೆಯುವುದೇ ಬೇಡ ಎನ್ನಲಾರೆ. ಲೆಕ್ಕವಿಲ್ಲದ ಕೆಲಸಕ್ಕೆ ಬಜೆಟ್ಟಿನಲ್ಲಿ ಜಾಗವಿರುವುದಿಲ್ಲ. ಹಾಗೆ ಜಾಗ ಸಿಗದ ಮನೆಗೆಲಸವನ್ನು ನಮ್ಮ ಅಮ್ಮಂದಿರಲ್ಲೇ ಕಂಡಿದ್ದೇವೆ. ಆದರೆ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಇರಬೇಕಾದ್ದು ಯಂತ್ರದ ಬೆಲೆಯಲ್ಲ. ನದಿಯಲ್ಲಿ ಎಷ್ಟು ನೀರು ಬಿಟ್ಟೆವು ಎಂಬ ಅಂಕಿ ಅಲ್ಲಿರಲಿ, ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು. ಉಳಿದ ರೂಪಾಯಿಗಳೆಲ್ಲ ಆ ಅಂಕಿಯ ಮೇಲೆ ನಿಂತಿವೆ.