ಪ್ಲೈವುಡ್ಡಿನ ಮೇಲೊಂದು ಘಾಟಿ

ನಮ್ಮ ಮನೆಯ ಸಣ್ಣ ರೂಮನ್ನು 8 ಅಡಿಗೆ 4 ಅಡಿಯ ಒಂದು ಪ್ಲೈವುಡ್ ಹಲಗೆ ನುಂಗಿ ಹಾಕಿದೆ. ಅದರ ಮೇಲೆ ನನ್ನ ರೈಲು. ಎಚ್‌ಓ ಸ್ಕೇಲಿನದು, ಅಂದ್ರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. "ಮದುವೆ ವಯಸ್ಸಿನ ಹುಡುಗ, ಆಟದ ಸಾಮಾನು ಇಟ್ಕೊಂಡು ಕೂತಿದ್ದಾನೆ" ಅಂತ ಅಮ್ಮ ನೆಂಟರ ಹತ್ತಿರ ದೂರ್ತಾನೇ ಇರ್ತಾಳೆ. ಇರಲಿ ಬಿಡಿ :)

ಹಳಿಯನ್ನು 8ರ ಆಕಾರದಲ್ಲಿ ಹಾಕಿ, ಮಧ್ಯದಲ್ಲಿ ಒಂದು ಸೇತುವೆ ಮಾಡಿ, ಮೇಲೊಂದು ಕೆಳಗೊಂದು ದಾಟಿಸೋಣ ಅಂತ ಹೊರಟಿದ್ದೇ ಎಡವಟ್ಟಾಯ್ತು. ಕೆಳಗೆ ಗಾಡಿ ಹೋಗಬೇಕಾದ್ರೆ ಮೇಲಿನ ಹಳಿ 8 ಸೆಂಟಿಮೀಟರ್ ಎತ್ತರ ಇರಬೇಕು. ಸ್ಟೇಷನ್ನಿಗೆ ಜಾಗ ಬಿಟ್ಟ ಮೇಲೆ ಹತ್ತೋಕೆ ಉಳಿದದ್ದು 2 ಮೀಟರು. ನೂರಕ್ಕೆ ನಾಲ್ಕು! ನಾಲ್ಕು ವ್ಯಾಗನ್ ಕಟ್ಟಿದ್ರೆ ಏದುಸಿರು ಬಿಡ್ತಾ ಹತ್ತುತ್ತಿತ್ತು. ಐದನೆಯದು ಸೇರಿಸಿದ್ರೆ ಅರ್ಧ ದಾರೀಲಿ ಗಾಲಿ ಗಿರಗಿರ ತಿರುಗ್ತಿತ್ತು, ಗಾಡಿ ಮಾತ್ರ ನಿಂತಲ್ಲೇ.

ಇಂಜಿನಿಯರಿಂಗ್ ಓದಿದ್ದು ಯಾವಾಗ ಉಪಯೋಗಕ್ಕೆ ಬರೋದು ಮತ್ತೆ? ಪೇಪರ್ ತಗೊಂಡು ಕೂತೆ. ಎಂಜಿನ್ನಿನ ತೂಕ 280 ಗ್ರಾಂ. ಗಾಲಿ ಜಾರದೆ ಎಳೆಯೋಕಾಗೋದು ಅದರ ಐದನೇ ಒಂದು ಪಾಲಿಗಿಂತ ಚೂರು ಜಾಸ್ತಿ, ಸುಮಾರು 60 ಗ್ರಾಂ. ಅದರಲ್ಲಿ ತನ್ನ ಮೈಯನ್ನೇ ಹತ್ತಿಸ್ಕೊಳ್ಳೋಕೆ ಒಂದಿಷ್ಟು ಹೋಗುತ್ತೆ. ಇನ್ನೊಂದು ಕಳ್ಳ ಖರ್ಚು ಅಂದ್ರೆ ತಿರುವು. ಅಮೆರಿಕದ ಮಾಂಟೆರೆಯಲ್ಲಿ ಜಾನ್ ಅಲೆನ್ ಅಂತ ಈ ಹವ್ಯಾಸದ ದೊಡ್ಡ ಗುರು ಇದ್ದ, 1973ರಲ್ಲಿ ತೀರಿಕೊಂಡ. ಅವನ ಸೂತ್ರದ ಪ್ರಕಾರ 32ನ್ನು ತಿರುವಿನ ತ್ರಿಜ್ಯದಿಂದ (ಇಂಚಿನಲ್ಲಿ) ಭಾಗಿಸಿದ್ರೆ, ಏರಿಗೆ ಶೇಕಡಾ ಎಷ್ಟು ಕೂಡಿಸಬೇಕು ಅನ್ನೋದು ಸಿಗುತ್ತೆ. ನನ್ನದು 18 ಇಂಚು. ಅಂದ್ರೆ ಇನ್ನೂ 1.8. ನಾಲ್ಕು ಅಂದ್ಕೊಂಡಿದ್ದು ಹೆಚ್ಚು ಕಮ್ಮಿ ಆರು!

ತೂಕ ಜಾಸ್ತಿ ಆದ್ರೆ ಹಿಡಿತ ಜಾಸ್ತಿ ಅಲ್ವಾ... ಗಾಳಕ್ಕೆ ಕಟ್ಟೋ ಸೀಸದ ಗುಂಡು ತಂದು ಎಂಜಿನ್ನಿನ ಹೊಟ್ಟೆಗೆ ತುರುಕಿದೆ. ಗಾಲಿ ಜಾರೋದು ನಿಂತೇ ಹೋಯ್ತು. ಎಂಟು ವ್ಯಾಗನ್ ಕಟ್ಟಿ ಬಿಟ್ಟೆ. ಅರ್ಧಕ್ಕೆ ಹತ್ತಿ ನಿಂತಿತು, ಗುಂಯ್ ಅಂತು, ಆಮೇಲೆ ಸುಟ್ಟ ವಾಸನೆ.

ಆ ವಾಸನೆಗೆ ಅಪ್ಪ ರೂಮಿಗೆ ಬಂದ್ರು. ರಿಟೈರ್ ಆಗಿ ಬೆಂಗಳೂರಿಗೆ ಬಂದ ಮೇಲೆ ಅವರು ಬಾಲ್ಕನಿ ಬಿಟ್ಟು ಎದ್ದಿದ್ದೇ ಕಮ್ಮಿ, ಮಾತು ಇನ್ನೂ ಕಮ್ಮಿ. ಈ ರೂಮಿಗಂತೂ ಬಂದೇ ಇರಲಿಲ್ಲ. ಸಕಲೇಶಪುರದ ಘಾಟಿಯಲ್ಲಿ ಡೀಸೆಲ್ ಎಂಜಿನ್ ಓಡಿಸ್ತಿದ್ದವರು. ಅದರಲ್ಲೂ ಹೆಚ್ಚು ಬ್ಯಾಂಕರ್ ಡ್ಯೂಟಿ. ಸುಬ್ರಹ್ಮಣ್ಯ ರೋಡಿನಲ್ಲಿ ಗಾಡಿಯ ಹಿಂದೆ ಸೇರಿಕೊಂಡು ಮೇಲಕ್ಕೆ ತಳ್ಳೋ ಎಂಜಿನ್ನಿಗೆ ಬ್ಯಾಂಕರ್ ಅಂತಾರೆ. ಮಳೆಗಾಲದಲ್ಲಿ ಅವರು ಯಾವಾಗ ಮನೆಗೆ ಬರ್ತಾರೆ ಅಂತ ನಮಗೆ ಗೊತ್ತೇ ಇರ್ತಿರಲಿಲ್ಲ. ನನ್ನ ಸ್ಕೂಲ್ ಡೇಗೆ ಒಂದು ಸಲಾನೂ ಬಂದಿಲ್ಲ. ಆ ಸಿಟ್ಟು ನನಗೆ ಸ್ವಲ್ಪ ಇದ್ದೇ ಇದೆ.

ಎಂಜಿನ್ ಕೈಗೆ ತಗೊಂಡು ಮೂಸಿ ನೋಡಿದ್ರು. "ಎಷ್ಟು ಗ್ರೇಡಿಯೆಂಟು?"

"ನೂರಕ್ಕೆ ನಾಲ್ಕು."

"1 ಇನ್ 25 ಅನ್ನು. ನಮ್ಮ ಶಿರಾಡಿದು 1 ಇನ್ 50 ಕಣೋ! ಅಲ್ಲೇ ಬ್ಯಾಂಕರ್ ಇಲ್ಲದೆ ಗೂಡ್ಸ್ ಹತ್ತಲ್ಲ. ಗಾಲಿ ಜಾರಬೇಕು ಮಗಾ. ಜಾರಲಿಲ್ಲ ಅಂದ್ರೆ ಮೋಟರ್ ಸುಡುತ್ತೆ."

ಸರಿಯೇ. ಜಾರೋ ಗಾಲಿ ಅಂದ್ರೆ ಫ್ಯೂಸ್ ಇದ್ದ ಹಾಗೆ. ನಾನು ಆ ಫ್ಯೂಸನ್ನೇ ಕಿತ್ತು ಹಾಕಿದ್ದೆ. ನಿಜವಾದ ಎಂಜಿನ್ನಿನ ಥರ ಹಳಿಗೆ ಮರಳು ಬಿಡಬಹುದಾ ಅಂತಾನೂ ಕೇಳಿದ್ರು. ಇದರ ಗೇರಿಗೆ ಒಂದು ಕಾಳು ಹೋದ್ರೂ ಕಥೆ ಮುಗೀತು ಅಂದೆ. ನಕ್ಕರು!

ಮುಂದಿನ ಭಾನುವಾರ ಇಬ್ಬರೂ ಸೇರಿ ಹಳಿ ಕಿತ್ತೆವು. ಗಾಡಿ ಒಂದೇ ದಿಕ್ಕಿಗೆ ಓಡೋದಾದ್ರೆ ಇಳಿಯೋ ಕಡೆ ಎಷ್ಟು ಕಡಿದಾದ್ರೇನು ಅಂದ್ರು ಅಪ್ಪ. ಎರಡು ವರ್ಷದಿಂದ ನನಗೆ ಹೊಳೆದಿರಲಿಲ್ಲ ನೋಡಿ. ಸ್ಟೇಷನ್ನನ್ನು ಇಳಿಜಾರಿನ ಕಡೆಗೆ ಸಾಗಿಸಿದೆವು, ಏರಿಗೆ 2.7 ಮೀಟರ್ ಸಿಕ್ಕಿತು. ನೂರಕ್ಕೆ ಮೂರು. ಕ್ಯಾಸಲ್ ರಾಕಿನಿಂದ ಕುಳೆಮ್‌ಗೆ ಇಳಿಯೋ ಘಾಟಿಯ 1 ಇನ್ 37ಕ್ಕಿಂತ ಚೂರು ಕಡಿದು, ಅಷ್ಟೇ. ಏರು ಶುರುವಾಗೋ ಜಾಗದಲ್ಲಿ ಹಳಿ ಮಡಿಚಿದ ಹಾಗಿತ್ತು, ಅದನ್ನು ಒಂದಡಿ ಉದ್ದಕ್ಕೂ ನಿಧಾನವಾಗಿ ಬಗ್ಗಿಸಿದೆವು. ಗಾಲಿಗಳ ಕೊಳೆ ಒರೆಸಿದೆವು. ಆರು ವ್ಯಾಗನ್ ಹತ್ತಿತು.

ಎಂಟಕ್ಕೆ ಬ್ಯಾಂಕರ್ರೇ ಗತಿ. ಸುಟ್ಟ ಎಂಜಿನ್ನಿಗೆ ಹೊಸ ಮೋಟರ್ ಹಾಕಿಸಿದ್ದೆ, ಅದೇ ಮಾಡೆಲ್ಲಿನ ಇನ್ನೊಂದನ್ನೂ ಕೊಂಡಿದ್ದೆ (ಅಮ್ಮನಿಗೆ ಬೆಲೆ ಹೇಳಿಲ್ಲ). ಒಂದನ್ನು ಹಿಂದೆ ಸೇರಿಸಿದೆ. ಹೊಸ ಮೋಟರಿಂದು ಓಟ ಜಾಸ್ತಿ. ಅದು ಹಿಂದಿನಿಂದ ಒತ್ತಿದ್ದಕ್ಕೆ ತಿರುವಿನಲ್ಲಿ ಮಧ್ಯದ ವ್ಯಾಗನ್ ಹಳಿ ಬಿಟ್ಟು ಹಾರಿತು. "ಹಿಂದಿನವನು ಯಾವತ್ತೂ ಮುಂದಿನವನಿಗಿಂತ ಜೋರು ಹೋಗಬಾರದು" ಅಂತ ಅಪ್ಪ ಎರಡನ್ನೂ ಅದಲು ಬದಲು ಮಾಡಿದ್ರು. ಎಂಟೂ ಹತ್ತಿದವು, ಸೇತುವೆ ದಾಟಿದವು.

ಅಪ್ಪ ಹಿಂದಿನ ಎಂಜಿನ್ನನ್ನೇ ನೋಡ್ತಾ ಇದ್ರು. "ಇದಕ್ಕೆ ಬೇರೆ ಕಂಟ್ರೋಲ್ ಇಲ್ವೇನೋ? ಎರಡನ್ನೂ ನೀನೇ ಓಡಿಸ್ತೀಯಲ್ಲ."

ಡಿಸಿಸಿ ಹಾಕಿದ್ರೆ ಒಂದೇ ಹಳಿಯ ಮೇಲೆ ಒಂದೊಂದು ಎಂಜಿನ್ನನ್ನೂ ಬೇರೆ ಬೇರೆ ನಡೆಸಬಹುದು. ನಿನ್ನೆ ರಾತ್ರಿ ಎರಡು ಡಿಕೋಡರ್, ಎರಡು ಹ್ಯಾಂಡ್‌ಸೆಟ್ ಆರ್ಡರ್ ಮಾಡಿದೆ. ಬರೋಕೆ ಮೂರು ವಾರ ಬೇಕಂತೆ. ಅಪ್ಪ ಇವತ್ತು ಬೆಳಿಗ್ಗೆ ಆಗಲೇ ಎರಡು ಸಲ ಕೇಳಿದ್ರು.