ಎರಡಾಗಿದ್ದ ಪತ್ರ

ಹಳೆಯ ಪತ್ರಗಳನ್ನು ನೀವು ಹೇಗೆ ಕಾಪಾಡಿದ್ದೀರಿ?

ಊರೂರಿಗೆ ಚದುರಿದ ನಮ್ಮ ಬಂಧುಬಳಗಕ್ಕೆ ಒಂದು ಮಿಂಚಂಚೆ ಪಟ್ಟಿಯಿತ್ತು. ಒಬ್ಬರು ಬರೆದುದು ಎಲ್ಲರಿಗೂ ತಲುಪುತ್ತಿತ್ತು. ಅದರ ಪ್ರತಿ ಸರ್ವರಿನ ಕಡತದಲ್ಲಿ ಉಳಿಯುತ್ತಿತ್ತು. ಅದನ್ನು ನಡೆಸುತ್ತಿದ್ದ ಮೇಲ್‌ಮ್ಯಾನ್ ತಂತ್ರಾಂಶವನ್ನು, 2015ರಲ್ಲಿ ಹೊರಬಂದ ಮೂರನೆಯ ಆವೃತ್ತಿಗೆ ನಾನು ಬದಲಾಯಿಸಿದ ಬಳಿಕ, ದಿವಂಗತ ತಂದೆಯವರ ಕೊನೆಯ ಪತ್ರ ಅರ್ಧಕ್ಕೇ ನಿಂತುಹೋಗಿತ್ತು. ಅಮ್ಮ ಮೌನವಾದರು.

ಹಳೆಯ ಕಡತವನ್ನು ತೆರೆದೆ. ಅದರಲ್ಲಿ ಪತ್ರಗಳೆಲ್ಲ ಒಂದರ ಕೆಳಗೊಂದು ಸಾಲಾಗಿರುತ್ತವೆ. ಸಾಲಿನ ಮೊದಲಿಗೆ ‘ಫ್ರಮ್’ ಎಂಬ ಇಂಗ್ಲಿಷ್ ಪದ ಬಂದರೆ ಅದು ಹೊಸ ಪತ್ರದ ಗುರುತು. ಹೊಸ ತಂತ್ರಾಂಶ ಆ ಪದವನ್ನಷ್ಟೇ ನೋಡಿತ್ತು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ತಂದೆಯವರ ಒಂದು ಸಾಲು ‘ಫ್ರಮ್ ಬ್ಯಾಡರಹಳ್ಳಿ’ ಎಂದು ಆರಂಭವಾಗಿತ್ತು. ಪತ್ರ ಅಲ್ಲಿಯೇ ಎರಡಾಗಿತ್ತು.

ಕಡತದ ನಕಲೊಂದನ್ನು ತೆಗೆದಿಟ್ಟು, ಆ ಸಾಲಿನ ಮೊದಲಿಗೆ ಬಾಣದ ಮೊನೆಯಂಥ ಚಿಹ್ನೆಯೊಂದನ್ನು ಹಾಕಿ, ಎಲ್ಲವನ್ನೂ ಮತ್ತೆ ತುಂಬಿಸಿದೆ. ಪತ್ರ ಪೂರ್ಣವಾಯಿತು. ಬ್ಯಾಡರಹಳ್ಳಿಯಿಂದ ಹೊರಟು ಬರುವ ಶಕ್ತಿ ತಮಗಿಲ್ಲ, ನೀವೇ ಒಮ್ಮೆ ಬನ್ನಿರೆಂದು ಅವರು ಬರೆದಿದ್ದರು. ಅಂದು ಅದನ್ನು ಓದಿಯೂ ನಾವು ಹೋಗಿರಲಿಲ್ಲ.

ಹೊಸದನ್ನು ತರುವಾಗ ಮೂಲವನ್ನು ಅಳಿಸದಿರಿ. ಪತ್ರವನ್ನು ಉಳಿಸಿದರಷ್ಟೇ ಸಾಲದು. ಅದು ಬಂದ ದಿನವೇ ಅದಕ್ಕೆ ಓಗೊಡಿರಿ.