ಮುಟ್ಟಿ ಕಲಿಯುವ ಪಾಠ

ವಸ್ತುಸಂಗ್ರಹಾಲಯವೆಂದರೆ ಕೈ ಕಟ್ಟಿಕೊಂಡು ನೋಡಿ ಬರತಕ್ಕ ಸ್ಥಳವೆಂದೇ ನಾನು ತಿಳಿದಿದ್ದೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು ಆ ತಿಳಿವಳಿಕೆಯನ್ನು ತಿದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು ಕಾಲವಾದ 1962ರಲ್ಲಿಯೇ ಅವರ ಹೆಸರಿನಲ್ಲಿ ಸ್ಥಾಪಿತವಾದ ಈ ಸಂಸ್ಥೆಯು 1965ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ರೈಟ್ ಸೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣಪ್ರಮಾಣದ ಪ್ರತಿಕೃತಿಯನ್ನು ಕಂಡು, ಮೊಮ್ಮಗಳೊಡನೆ ಮೋಜಿನ ವಿಜ್ಞಾನದ ವಿಭಾಗವನ್ನು ಹೊಕ್ಕೆ. ಅಲ್ಲಿ ಗುಂಡಿ ಒತ್ತುವುದೂ ಹಿಡಿ ತಿರುಗಿಸುವುದೂ ನೋಡುವವರದೇ ಕೆಲಸ.

"ಮುಟ್ಟಿದರೆ ಬೈಯುವುದಿಲ್ಲವಾ ಅಜ್ಜ?" ಎಂದಳು.

ಆ ಪ್ರಶ್ನೆ ನನಗೆ ನಾಟಿತು. ಕಾಸರಗೋಡಿನ ಕಡೆ ಮೂವತ್ತು ವರ್ಷ ಕನ್ನಡದಲ್ಲಿ ವಿಜ್ಞಾನ ಕಲಿಸಿದ ನಾನೇ, ಒಡೆದೀತೆಂಬ ಭಯದಿಂದ ಉಪಕರಣಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವನು.

ಒಳಬಾಗಿದ ದೊಡ್ಡ ಕನ್ನಡಿಯೊಂದರ ಮುಂದೆ ಅವಳು ನಿಂತಳು. ದೂರದಿಂದ ಬಿಂಬವು ತಲೆಕೆಳಗಾಗಿ ಕಂಡಿತು. ಸಮೀಪಿಸಿದಂತೆ ಹಿಗ್ಗಿ, ಕಲಸಿಹೋಗಿ, ಬಳಿಕ ನೆಟ್ಟಗಾಯಿತು. ಹಿಂದೆ ಮುಂದೆ ಸರಿದು ನೋಡಿ, "ತಿರುಗುವ ಜಾಗ ಇದೇ" ಎಂದು ನೆಲವನ್ನು ತೋರಿಸಿದಳು. ಅದೇ ವಕ್ರತಾ ಕೇಂದ್ರ. ವರ್ಷ ವರ್ಷವೂ ಅದನ್ನು ಕಪ್ಪುಹಲಗೆಯ ಮೇಲೆ ಗುರುತಿಸಿದ್ದೆ. ಯಾವ ಮಗುವನ್ನೂ ಅಲ್ಲಿ ನಿಲ್ಲಿಸಿರಲಿಲ್ಲ.

ಗಡಿಯಾಚೆಯ ನಮಗೆ ಬೆಂಗಳೂರು ದೂರವೇ ಸರಿ. ಆದರೆ ಎಲ್ಲರ ಮನೆಯಲ್ಲಿಯೂ ಹೊಳೆಯುವ ಸೌಟೊಂದು ಇದ್ದೀತು. ಅದರ ಒಳಮೈಯೂ ಅಂಥದೇ ಕನ್ನಡಿ. ಬೈಯದೆ, ಮಕ್ಕಳ ಕೈಗೆ ಕೊಡಿರಿ.